ಮರಿ ಹಾಕಿದ ನಾಯಿ ಮತ್ತು ಊರಿನ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ತೆರಿಗೆ ವಸೂಲಿ, ರಸ್ತೆ, ಚರಂಡಿಗಳ ಚರ್ಚೆಯ ನಡುವೆ ನಾಯಿಮರಿಗಳ ವಿಷಯ ಕೆಲವರಿಗೆ ಹಗುರವಾಗಿ ಕಂಡೀತು. ಆದರೆ "ಅಂಗನವಾಡಿಯ ಹಿಂದೆ ನಾಯಿ ಮರಿ ಹಾಕಿದೆ, ಹತ್ತಿರ ಹೋದವರ ಮೇಲೆ ಎರಗುತ್ತಿದೆ, ಏನಾದರೂ ಮಾಡಿ" ಎಂಬ ದೂರನ್ನು ಕೇಳದ ಸದಸ್ಯರು ಈ ಸಭೆಯಲ್ಲಿ ವಿರಳ. ಆ "ಏನಾದರೂ" ಎಂಬುದು ಏನಾಗಿರಬೇಕು ಎಂಬುದೇ ಇಂದಿನ ನನ್ನ ವಿಷಯ.

ಸಾಮಾನ್ಯವಾಗಿ ನಮ್ಮ ಊರುಗಳಲ್ಲಿ ಮೂರು ಬಗೆಯ ಕ್ರಮಗಳು ನಡೆಯುತ್ತವೆ. ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟುಬರುವುದು ಒಂದು. ಅನ್ನದಲ್ಲಿ ವಿಷವಿಟ್ಟು ತಾಯಿಯನ್ನು ಕೊಲ್ಲುವುದು ಎರಡನೆಯದು. ಕಂಡೂ ಕಾಣದಂತೆ ಇದ್ದುಬಿಡುವುದು ಮೂರನೆಯದು. ಮೊದಲಿನೆರಡು ಶಿಕ್ಷಾರ್ಹ ಅಪರಾಧಗಳು. ಮೂರನೆಯದು ಅಪರಾಧವಲ್ಲದಿದ್ದರೂ ಊರಿಗೆ ಅಪಾಯಕಾರಿ. ಇವು ಮೂರನ್ನೂ ಬಿಟ್ಟು ನಾಲ್ಕನೆಯ ದಾರಿಯೊಂದಿದೆ. ಮರಿ ಹಾಕಿದ ನಾಯಿಯನ್ನು ಮರಿಗಳೊಡನೆ ಎರಡು ತಿಂಗಳ ಕಾಲ ಅದರ ಪಾಡಿಗೆ ಬಿಟ್ಟು, ಹೊಟ್ಟೆಗೆ ಕೊಟ್ಟು, ಆ ಅವಧಿಯ ಕೊನೆಗೆ ತಾಯಿಗೆ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆಯನ್ನೂ ಮರಿಗಳಿಗೆ ಲಸಿಕೆ ಹಾಗೂ ಮನೆಗಳನ್ನೂ ಒದಗಿಸುವುದೇ ಆ ದಾರಿ. ಕರುಣೆಯ ದೃಷ್ಟಿಯಿಂದ ಮಾತ್ರವಲ್ಲ, ಊರಿನ ಮಕ್ಕಳ ಸುರಕ್ಷತೆಯ ದೃಷ್ಟಿಯಿಂದಲೂ ಇದೇ ಸರಿಯಾದ ಕ್ರಮ.

ಎರಡು ತಿಂಗಳ ಅವಕಾಶ

ಬೀದಿಯ ನಾಯಿಯನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದು ನಿಮಗೆ ಗೊತ್ತಿದೆ. ಇಂದು ಸಂತೆಯಲ್ಲಿದ್ದ ನಾಯಿ ನಾಳೆ ಕೆರೆಯ ಏರಿಯ ಮೇಲಿರುತ್ತದೆ. ಆದರೆ ಮರಿ ಹಾಕಿದ ನಾಯಿ ಎಲ್ಲಿಗೂ ಹೋಗದು. ಬಣವೆಯ ಬುಡ, ಪಾಳುಮನೆ, ಮೋರಿಯ ಕೆಳಗೆ, ಕೊಟ್ಟಿಗೆಯ ಮೂಲೆ, ಹೀಗೆ ತಾನು ಆರಿಸಿಕೊಂಡ ಜಾಗದ ಸುತ್ತಲೇ ವಾರಗಟ್ಟಲೆ ಸುಳಿದಾಡುತ್ತದೆ. ಅನ್ನವಿಕ್ಕುವ ಕೈಯನ್ನು ಗುರುತಿಸುತ್ತದೆ, ಕ್ರಮೇಣ ನಂಬುತ್ತದೆ. ಮುಂದೆ ಲಸಿಕೆ ಹಾಕಲು, ಶಸ್ತ್ರಚಿಕಿತ್ಸೆಗೆ ಕರೆದೊಯ್ಯಲು ಬೇಕಾದುದು ಈ ನಂಬಿಕೆಯೇ. ಮರಿಗಳನ್ನು ಕಿತ್ತೆಸೆದ ಊರಿನಲ್ಲಿ ತಾಯಿ ಮನುಷ್ಯರ ನೆರಳಿಗೂ ಬೆದರುತ್ತದೆ, ಇಲ್ಲವೇ ಕಚ್ಚುತ್ತದೆ. ಮುಂದಿನ ವರ್ಷ ಅದು ಮತ್ತೆ ಮರಿ ಹಾಕುತ್ತದೆ. ನಾಯಿಗಳ ಸಂಖ್ಯೆ ಇಳಿಯುವುದಿಲ್ಲ.

"ಹೇಗೂ ಮರಿಗಳಲ್ಲಿ ಹೆಚ್ಚಿನವು ಸಾಯುತ್ತವಲ್ಲ, ನಾವೇಕೆ ಆರೈಕೆ ಮಾಡಬೇಕು" ಎಂದು ಯಾರಾದರೂ ಕೇಳಬಹುದು. ಸಾಯುವುದು ನಿಜ. ಪಶ್ಚಿಮ ಬಂಗಾಳದಲ್ಲಿ ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 364 ಬೀದಿನಾಯಿ ಮರಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳು ತಿಂಗಳ ವಯಸ್ಸು ಮುಟ್ಟಿದವು ಶೇ 19ರಷ್ಟು ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟು ಸಾವುಗಳಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣರಾಗಿದ್ದರು. ಇಷ್ಟು ಮರಿಗಳು ಸತ್ತರೂ ಬೀದಿಯಲ್ಲಿ ನಾಯಿಗಳು ಕಡಿಮೆಯಾಗಿಲ್ಲ ಎಂಬುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಸಾವಿನಿಂದ ಸಂಖ್ಯೆ ನಿಯಂತ್ರಣಕ್ಕೆ ಬರುವುದಿಲ್ಲ. ತಾಯಿಯ ಸಂತಾನಹರಣದಿಂದ ಬರುತ್ತದೆ. ತಾಯಿ ನಮ್ಮ ಕೈಗೆ ಸಿಗುವುದು ಬಾಣಂತನ ಸುಸೂತ್ರವಾಗಿ ಮುಗಿದಾಗ.

ನಾಯಿಯ ಬಾಣಂತನ

ಬಾಣಂತನದ ವಿಷಯದಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಚ್ಚನೆಯ ಮೂಲೆ, ಹೊತ್ತುಹೊತ್ತಿಗೆ ಊಟ, ಜನರ ಗದ್ದಲವಿಲ್ಲದ ವಾತಾವರಣ. ಹೆತ್ತ ನಾಯಿಗೂ ಬೇಕಾದುದು ಈ ಮೂರೇ.

ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಬೀದಿನಾಯಿಗಳಲ್ಲಿ ಹೆಚ್ಚಿನವು ಮಳೆಗಾಲದ ಕೊನೆಯ ಭಾಗದಲ್ಲಿ ಕೂಡಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಆದ್ದರಿಂದ ಮರಿಗಳ ಮೊದಲ ಶತ್ರು ಹಸಿವಲ್ಲ, ಚಳಿ. ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ಮೊದಲ ಎರಡು ವಾರ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಇರದು. ಮೊದಲ ವಾರದಲ್ಲಿ ಅದು ಮಲಗಿದ ಜಾಗದಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು. ತಾಯಿಯ ಒಡಲು, ಒಡಹುಟ್ಟಿದವುಗಳ ಮೈ, ಒಣ ಹಾಸು ಇವು ಸೇರಿ ಆ ಶಾಖವನ್ನು ಕೊಡುತ್ತವೆ. ಒಣಹುಲ್ಲು, ಹಳೆಯ ಗೋಣಿಚೀಲ, ಗಾಳಿ ಬೀಸುವ ಕಡೆಗೆ ಒಂದು ಹಲಗೆ ಅಥವಾ ತಗಡಿನ ಮರೆ ಇದ್ದರೆ ಸಾಕು. ಹಾಸು ಒದ್ದೆಯಾದರೆ ಬದಲಿಸಬೇಕು. ತಣ್ಣಗಾದ ಮರಿಗೆ ಹಾಲು ಕುಡಿಸಲು ಹೋಗಬಾರದು. ಮೊದಲು ಬಟ್ಟೆಯಲ್ಲಿ ಸುತ್ತಿ ನಿಧಾನವಾಗಿ ಬೆಚ್ಚಗೆ ಮಾಡಿ, ಬಳಿಕ ತಾಯಿಯ ಮೊಲೆಗೆ ಬಿಡಬೇಕು. ಮೈ ತಣ್ಣಗಿರುವಾಗ ಹೊಟ್ಟೆಗೆ ಬಿದ್ದ ಹಾಲು ಜೀರ್ಣವಾಗುವುದಿಲ್ಲ.

ಕರುವಿಗೆ ಗಿಣ್ಣುಹಾಲು ಹೇಗೋ ನಾಯಿಮರಿಗೂ ತಾಯಿಯ ಮೊದಲ ದಿನದ ಹಾಲು ಹಾಗೆಯೇ. ರೋಗನಿರೋಧಕ ಶಕ್ತಿಯ ಬಹುಪಾಲು ಆ ಮೊದಲ 24 ಗಂಟೆಗಳಲ್ಲಿಯೇ ಮರಿಗೆ ಸಿಗಬೇಕು. ಮೊದಲ ಎರಡು ಮೂರು ವಾರ ಮರಿಗಳು ತಾವಾಗಿ ಮಲಮೂತ್ರ ವಿಸರ್ಜಿಸಲಾರವು. ತಾಯಿ ಹೊಟ್ಟೆ ಮತ್ತು ಗುದಭಾಗವನ್ನು ನೆಕ್ಕಿದಾಗಲೇ ಅದು ಸಾಧ್ಯ. ಇದನ್ನು ಅರಿತವರು ಎಳೆಯ ಮರಿಯನ್ನು ತಾಯಿಯಿಂದ ಬೇರ್ಪಡಿಸಿ "ಬದುಕಿಕೊಳ್ಳಲಿ" ಎಂದು ಊರಾಚೆ ಬಿಟ್ಟುಬರಲಾರರು. ಅದು ಬಿಟ್ಟುಬರುವುದಲ್ಲ, ಕೊಲ್ಲುವುದು.

ಕಣ್ಣು ತೆರೆಯುವುದು 10ರಿಂದ 14ನೆಯ ದಿನದೊಳಗೆ. ಕೈಯಿಂದ ಬಿಡಿಸಲು ಯತ್ನಿಸಬಾರದು. ಕಿವಿ ತೆರೆಯುವುದು ಅದರ ಆಸುಪಾಸಿನಲ್ಲಿ. ಮೂರನೆಯ ವಾರಕ್ಕೆ ಮರಿ ತಡವರಿಸಿ ನಡೆಯುತ್ತದೆ. ಚೆನ್ನಾಗಿ ಹಾಲು ಸಿಗುತ್ತಿರುವ ಮರಿ ಏಳರಿಂದ ಹತ್ತು ದಿನಗಳಲ್ಲಿ ಹುಟ್ಟಿದಾಗಿನ ತೂಕದ ಎರಡರಷ್ಟಾಗುತ್ತದೆ. ಹೊಟ್ಟೆ ತುಂಬಿದ ಮರಿ ಮಲಗಿರುತ್ತದೆ. ಬಿಡದೆ ಕುಂಯ್‌ಗುಟ್ಟುವ, ಉಳಿದವುಗಳಿಂದ ದೂರ ಬಿದ್ದಿರುವ ಮರಿಗೆ ಹಾಲು ಸಾಲುತ್ತಿಲ್ಲ ಅಥವಾ ಚಳಿಯಾಗಿದೆ ಎಂದು ತಿಳಿಯಬೇಕು.

ಇನ್ನು ತಾಯಿಯ ಊಟ. ಹಾಲೂಡುವ ನಾಯಿಗೆ ಎಂದಿನ ಎರಡು ಮೂರು ಪಟ್ಟು ಆಹಾರ ಬೇಕಾಗುತ್ತದೆ. ಮೂರನೆಯ, ನಾಲ್ಕನೆಯ ವಾರದಲ್ಲಿ ಹಸಿವು ಅತ್ಯಧಿಕ. ಮುದ್ದೆ, ಅನ್ನ ಮಾತ್ರ ಕೊಟ್ಟರೆ ಹೊಟ್ಟೆ ತುಂಬೀತು, ಹಾಲು ತುಂಬದು. ಬೇಯಿಸಿದ ಮೊಟ್ಟೆ, ಮೂಳೆಯಿಲ್ಲದ ಮಾಂಸದ ಚೂರು, ಬೆಂದ ಬೇಳೆ, ಮಜ್ಜಿಗೆ ಅಥವಾ ಮೊಸರನ್ನ ಸೇರಲಿ. ಈರುಳ್ಳಿ, ಬೆಳ್ಳುಳ್ಳಿ, ಖಾರ ಹಾಕಿದ ಸಾರು ಬೇಡ. ಬೆಂದ ಮೂಳೆ ಸೀಳಿ ಗಂಟಲು ಕರುಳುಗಳಿಗೆ ಚುಚ್ಚುತ್ತದೆ. ದಿನಕ್ಕೆ ಒಮ್ಮೆ ರಾಶಿ ಸುರಿಯುವುದಕ್ಕಿಂತ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಡುವುದು ಲೇಸು. ಎಲ್ಲಕ್ಕೂ ಮೊದಲು ನೀರು. ನೀರಿಲ್ಲದೆ ಹಾಲಿಲ್ಲ. ಒಂದು ಮಣ್ಣಿನ ಬಾನಿ ಅಥವಾ ಸಿಮೆಂಟಿನ ತೊಟ್ಟಿಯನ್ನು ಹತ್ತಿರದಲ್ಲಿಟ್ಟು ದಿನವೂ ತೊಳೆದು ತುಂಬಿಸಿದರೆ ಆಯಿತು.

ನಾಲ್ಕನೆಯ ವಾರದ ಹೊತ್ತಿಗೆ ಮರಿಗಳಿಗೂ ಮೆದುವಾಗಿ ಕಲಸಿದ ಆಹಾರವನ್ನು ತಟ್ಟೆಯಲ್ಲಿ ಇಡಬಹುದು. ಆರರಿಂದ ಎಂಟನೆಯ ವಾರಕ್ಕೆ ಮೊಲೆ ಬಿಡುತ್ತವೆ. ಅದಕ್ಕೂ ಮುಂಚೆ ಹಸುವಿನ ಹಾಲನ್ನು ಸುರಿಯುವ ಅಭ್ಯಾಸ ಸರಿಯಲ್ಲ. ನಾಯಿಯ ಹಾಲಿಗೆ ಹೋಲಿಸಿದರೆ ಹಸುವಿನ ಹಾಲಿನಲ್ಲಿ ಕೊಬ್ಬು, ಸಸಾರಜನಕ ಕಡಿಮೆ, ಹಾಲಿನ ಸಕ್ಕರೆ ಹೆಚ್ಚು. ಎಳೆಮರಿಗಳಿಗೆ ಭೇದಿಯಾಗುತ್ತದೆ. ತಾಯಿ ಸತ್ತು ಮರಿಗಳು ಅನಾಥವಾದರೆ, ಆಗತಾನೆ ಮರಿ ಹಾಕಿದ ಬೇರೊಂದು ನಾಯಿ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ ಪಶುವೈದ್ಯರ ಸಲಹೆಯಂತೆ ನಾಯಿಮರಿಗಳಿಗೆಂದೇ ಇರುವ ಹಾಲಿನ ಪುಡಿಯನ್ನು ಎರಡು ಮೂರು ಗಂಟೆಗೊಮ್ಮೆ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು. ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲನೆ ಒರೆಸಿ ಮಲಮೂತ್ರ ಮಾಡಿಸಬೇಕು.

ತಡಮಾಡಬಾರದ ಲಕ್ಷಣಗಳು

ಮರಿ ಹಾಕುವಾಗ ನಾಯಿ ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಹೊರಬರದಿದ್ದರೆ, ಅಥವಾ ಹೊಟ್ಟೆಯಲ್ಲಿ ಇನ್ನೂ ಮರಿಯಿದ್ದು ಎರಡು ಗಂಟೆ ಕಳೆದರೂ ಬಾರದಿದ್ದರೆ ಪಶುವೈದ್ಯರ ನೆರವು ಬೇಕು. ಹೆತ್ತ ಮೇಲೆ ದುರ್ವಾಸನೆಯ ಸ್ರಾವ, ಜ್ವರ, ಊಟ ಬಿಡುವುದು ಗರ್ಭಕೋಶದ ಸೋಂಕಿನ ಸೂಚನೆಗಳು. ಮೊಲೆ ಬಿಸಿಯಾಗಿ ಗಟ್ಟಿಯಾಗಿ ಕೆಂಪೇರಿದ್ದರೆ ಅದು ಕೆಚ್ಚಲು ಬಾವು. ಹಸುವಿನಲ್ಲಿ ನೀವು ಕಂಡದ್ದೇ.

ಹಾಲುಜ್ವರವೂ ಹಸುವಿಗೆ ಮಾತ್ರ ಬರುವುದಲ್ಲ. ಹೆತ್ತ ಎರಡರಿಂದ ನಾಲ್ಕು ವಾರಗಳಲ್ಲಿ, ಹೆಚ್ಚು ಮರಿಗಳಿಗೆ ಹಾಲೂಡುವ ನಾಯಿಯ ರಕ್ತದಲ್ಲಿ ಸುಣ್ಣದ ಅಂಶ ಇಳಿದು ಕಾಲು ಸೆಟೆಯುತ್ತದೆ, ಮೈ ನಡುಗುತ್ತದೆ, ಏದುಸಿರು ಬರುತ್ತದೆ. ಕೆಲವರು ಇದನ್ನು ಹುಚ್ಚು ಎಂದು ಭಾವಿಸಿ ಹೊಡೆದು ಕೊಲ್ಲುವುದುಂಟು. ಸಕಾಲದಲ್ಲಿ ಕ್ಯಾಲ್ಸಿಯಂ ನೀಡಿದರೆ ಆ ನಾಯಿ ಉಳಿಯುತ್ತದೆ. ಆದರೆ ಅದು ಹಾಲುಜ್ವರವೋ ರೇಬೀಸೋ ಎಂದು ನಿರ್ಧರಿಸಬೇಕಾದವರು ಪಶುವೈದ್ಯರು. ಅವರು ಬರುವವರೆಗೆ ಯಾರೂ ಮುಟ್ಟದೆ, ಮಕ್ಕಳನ್ನು ದೂರವಿರಿಸಿ ಕಾಯಬೇಕು. ಇಂತಹ ಎಲ್ಲ ಸಂದರ್ಭಗಳಲ್ಲಿ ಸ್ಥಳೀಯ ಪಶು ಚಿಕಿತ್ಸಾಲಯಕ್ಕೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು.

ಮಕ್ಕಳು ಮತ್ತು ಮರಿಗಳು

ಈ ಉಪನ್ಯಾಸದ ಅತಿ ಮುಖ್ಯ ಭಾಗಕ್ಕೆ ಬರುತ್ತೇನೆ. ಮರಿ ಕಂಡ ಮಗು ಎತ್ತಿಕೊಳ್ಳದೆ ಇರದು. ಎತ್ತಿಕೊಂಡಾಗ ಎರಡು ಅಪಾಯಗಳಿವೆ. ತಾಯಿ ತನ್ನ ಮರಿಯ ರಕ್ಷಣೆಗಾಗಿ ಕಚ್ಚಬಹುದು. ಅಥವಾ ಮರಿಯೇ ಆಟದಲ್ಲಿ ಹಲ್ಲು ತಾಗಿಸಬಹುದು, ಪರಚಬಹುದು. ತಾಯಿ ಕಚ್ಚಿದರೆ ಮನೆಯವರಿಗೆ ತಿಳಿಯುತ್ತದೆ. ಮರಿ ಪರಚಿದ್ದನ್ನು ಬೈಗುಳಕ್ಕೆ ಹೆದರಿ ಮಗು ಹೇಳುವುದೇ ಇಲ್ಲ. ಹೇಳಿದರೂ "ಎಳೇ ಮರಿ, ಏನಾಗುತ್ತೆ" ಎಂದು ದೊಡ್ಡವರು ಕಡೆಗಣಿಸುತ್ತಾರೆ. ರೇಬೀಸ್ ರೋಗಕ್ಕೆ ವಯಸ್ಸಿನ ಭೇದವಿಲ್ಲ. ಲಸಿಕೆಯಾಗದ ಮರಿಗೂ ಅದು ತಗಲಬಹುದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಆ ರೋಗದಿಂದ ಬದುಕುಳಿಯುವುದು ಇಲ್ಲವೆನ್ನುವಷ್ಟು ವಿರಳ. ಆದರೆ ಸಕಾಲದ ಚಿಕಿತ್ಸೆಯಿಂದ ಸಂಪೂರ್ಣವಾಗಿ ತಡೆಯಬಹುದಾದ ರೋಗವೂ ಅದೇ.

ಆದ್ದರಿಂದ ಪ್ರತಿಯೊಂದು ವಾರ್ಡ್ ಸಭೆಯಲ್ಲಿ, ಶಾಲೆಯಲ್ಲಿ, ಅಂಗನವಾಡಿಯಲ್ಲಿ ಹೀಗೆ ತಿಳಿಸಿರಿ. ನಾಯಿಯಾಗಲಿ ಮರಿಯಾಗಲಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ, ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬಾರದು. ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ವೈದ್ಯರು ಹೇಳಿದ ದಿನಗಳಂದು ಎಲ್ಲ ಸುತ್ತುಗಳನ್ನೂ ಮುಗಿಸಬೇಕು. ಮಗುವಿಗೆ ಹೇಳಬೇಕಾದ ಮಾತು ಒಂದೇ: "ಕಚ್ಚಿದರೆ ಹೇಳು, ಬೈಯುವುದಿಲ್ಲ." ಈ ಒಂದು ಮಾತು ಮಗುವಿನ ಜೀವ ಉಳಿಸಬಲ್ಲದು.

ಇನ್ನೊಂದು ಸಂಗತಿ ಜಂತುಹುಳು. ನಾಯಿಯ ದುಂಡುಹುಳು ತಾಯಿಯ ಗರ್ಭದಲ್ಲಿಯೇ, ಬಳಿಕ ಹಾಲಿನ ಮೂಲಕವೂ ಮರಿಗಳಿಗೆ ಬರುತ್ತದೆ. ಮರಿಗಳ ಮಲದಿಂದ ಮಣ್ಣು ಸೇರಿದ ಮೊಟ್ಟೆಗಳು ಕೆಲವು ವಾರಗಳಲ್ಲಿ ಸೋಂಕು ತರುವ ಹಂತ ತಲುಪಿ, ಮಣ್ಣಾಡುವ ಮಕ್ಕಳ ಬಾಯಿಗೆ ಸೇರುತ್ತವೆ. ಅಲ್ಲಿಂದ ಯಕೃತ್ತು, ಶ್ವಾಸಕೋಶ, ಕಣ್ಣುಗಳಿಗೂ ಹರಡಬಲ್ಲವು. ಮರಿಗಳಿಗೆ ಎರಡನೆಯ ವಾರದಿಂದ ಎರಡು ವಾರಕ್ಕೊಮ್ಮೆ, ಎಂಟನೆಯ ವಾರದವರೆಗೆ, ತೂಕಕ್ಕೆ ತಕ್ಕಂತೆ ಜಂತುನಾಶಕ ಕೊಡಿಸಬೇಕು. ತಾಯಿಗೂ ಜೊತೆಯಲ್ಲಿಯೇ ಕೊಡಿಸಬೇಕು. ಮರಿಗಳಿರುವ ಜಾಗದ ಮಲವನ್ನು ಗುಡಿಸಿ ಹೂಳಬೇಕು.

ಕಾನೂನು ಏನು ಹೇಳುತ್ತದೆ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಅಡಿಯಲ್ಲಿ ಕೇಂದ್ರ ಸರ್ಕಾರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023ನ್ನು ಹೊರಡಿಸಿದೆ. ನಾಯಿಗಳ ಸಂತಾನಹರಣ ಮತ್ತು ಲಸಿಕೆಯನ್ನು ಸ್ಥಳೀಯ ಪ್ರಾಧಿಕಾರದ ಹೊಣೆಯೆಂದು ಈ ನಿಯಮಗಳು ಗೊತ್ತುಪಡಿಸಿವೆ. ಈ ಕಾರ್ಯ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಯೋಜನೆಯ ಮೂಲಕವೇ ನಡೆಯಬೇಕು. ಆರು ತಿಂಗಳೊಳಗಿನ ಮರಿಗಳನ್ನು ಸಂತಾನಹರಣಕ್ಕಾಗಿ ಹಿಡಿಯುವಂತಿಲ್ಲ. ಚಿಕಿತ್ಸೆಯಾದ ನಾಯಿಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕೆಂಬುದು ನಿಯಮ. ಯಾವುದೇ ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಅಂಗವಿಕಲಗೊಳಿಸುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಉಂಟು.

ಶಾಲೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣಗಳ ವಿಷಯ ಬೇರೆ. ಅಲ್ಲಿನ ಬೀದಿನಾಯಿಗಳನ್ನು ತೆರವುಗೊಳಿಸಿ, ಸಂತಾನಹರಣ ಮತ್ತು ಲಸಿಕೆಯ ಬಳಿಕ ಗೊತ್ತುಪಡಿಸಿದ ಆಶ್ರಯತಾಣಗಳಲ್ಲಿ ಇರಿಸಬೇಕು, ಅದೇ ಆವರಣಕ್ಕೆ ಮರಳಿ ಬಿಡಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್ 7ರಂದು ಆದೇಶಿಸಿದೆ. ಅಂತಹ ಆವರಣದಲ್ಲಿ ನಾಯಿ ಮರಿ ಹಾಕಿರುವುದು ಕಂಡರೆ ಅಂದೇ ಪಶು ಚಿಕಿತ್ಸಾಲಯಕ್ಕೆ ತಿಳಿಸಿ, ಮಕ್ಕಳು ಅತ್ತ ಸುಳಿಯದಂತೆ ಹಗ್ಗ ಅಥವಾ ಮುಳ್ಳುಬೇಲಿ ಕಟ್ಟಿಸಿ, ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ತಾಯಿ ಮತ್ತು ಮರಿಗಳನ್ನು ಒಟ್ಟಿಗೇ ಸ್ಥಳಾಂತರಿಸಬೇಕು. ತಾಯಿಯನ್ನು ಒಂದೆಡೆ, ಮರಿಗಳನ್ನು ಒಂದೆಡೆ ಮಾಡುವುದು ಸಲ್ಲದು.

ಪಂಚಾಯತಿ ಮಾಡಬಹುದಾದುದು

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ವ್ಯವಸ್ಥೆ ಬೇಕು. ಮೊದಲನೆಯದಾಗಿ, ಮರಿ ಹಾಕಿದ ನಾಯಿಗಳ ಒಂದು ಪುಸ್ತಕವನ್ನು ಪಂಚಾಯತಿ ಕಚೇರಿಯಲ್ಲಿ ಇಡಿರಿ. ಯಾವ ವಾರ್ಡ್, ಯಾವ ಜಾಗ, ಮರಿ ಹಾಕಿದ ದಿನಾಂಕ, ಮರಿಗಳ ಸಂಖ್ಯೆ, ಆಹಾರ ಕೊಡುವವರ ಹೆಸರು, ಇಷ್ಟು ಸಾಕು. ದಿನಾಂಕ ತಿಳಿದರೆ ಜಂತುನಾಶಕ, ಲಸಿಕೆ, ಶಸ್ತ್ರಚಿಕಿತ್ಸೆಗಳ ದಿನಗಳನ್ನು ಅಂದೇ ಲೆಕ್ಕಹಾಕಬಹುದು.

ಎರಡನೆಯದಾಗಿ, ಪ್ರತಿಯೊಂದು ತಾಯಿನಾಯಿಗೂ ಊರಿನಲ್ಲಿ ಒಬ್ಬರು ಹೊಣೆಗಾರರಿರಲಿ. ಸ್ವಸಹಾಯ ಸಂಘದ ಸದಸ್ಯೆ, ಪಶು ಸಖಿ, ಯುವಕ ಸಂಘದವರು ಯಾರಾದರೂ ಆಗಬಹುದು. ಹತ್ತು ಜನ ಹತ್ತಿರ ಹೋಗುವುದಕ್ಕಿಂತ ಒಬ್ಬರೇ ಹೋಗುವುದು ಮೇಲು. ಪದೇ ಪದೇ ಕಾಟ ಕೊಟ್ಟರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಆ ಸಾಗಾಟದಲ್ಲಿ ಮರಿಗಳು ಸಾಯುವುದುಂಟು.

ಮೂರನೆಯದಾಗಿ, ಆಹಾರ ಕೊಡುವ ಜಾಗವನ್ನು ಗೊತ್ತುಪಡಿಸಿರಿ. ಅದು ಮಕ್ಕಳು ಆಡುವ ಜಾಗದಿಂದ, ಜನರ ಓಡಾಟದ ಬಾಗಿಲುಗಳಿಂದ ದೂರವಿರಲಿ. ಕೋಳಿ ಅಂಗಡಿಗಳ ತ್ಯಾಜ್ಯ, ಸಮುದಾಯ ಭವನದ ಎಂಜಲು ಬಯಲಿಗೆ ಬೀಳುವುದನ್ನು ನಿಲ್ಲಿಸಿರಿ. ನಾಯಿಗಳ ಗುಂಪು ಕಟ್ಟುವುದು ಆ ತಿಪ್ಪೆಯ ಸುತ್ತಲೇ.

ನಾಲ್ಕನೆಯದಾಗಿ, ಮರಿಗಳಿಗೆ ಮನೆ ಹುಡುಕಿರಿ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಸ್ವಭಾವ ರೂಪುಗೊಳ್ಳುವ ಕಾಲ. ಆಗ ಮನುಷ್ಯರ ಪ್ರೀತಿಯ ಸ್ಪರ್ಶ ಕಂಡ ಮರಿ ಮುಂದೆ ಸುಲಭವಾಗಿ ಕಚ್ಚುವ ನಾಯಿಯಾಗದು. ಎಂಟು ವಾರ ತುಂಬಿದ ಮೇಲೆ ತೋಟಕ್ಕೆ, ಕುರಿಹಟ್ಟಿಗೆ, ಮನೆಗೆ ಬೇಕೆನ್ನುವವರಿಗೆ ಕೊಡಬಹುದು. ಹೆಣ್ಣುಮರಿ ಬೇಡವೆನ್ನುವವರೇ ಹೆಚ್ಚು. ಅವರಿಗೆ, ಆರು ತಿಂಗಳು ತುಂಬಿದ ಬಳಿಕ ಸಂತಾನಹರಣ ಮಾಡಿಸಲು ಪಂಚಾಯತಿ ನೆರವಾಗುವುದೆಂಬ ಭರವಸೆ ಕೊಡಿರಿ. ಆರರಿಂದ ಎಂಟನೆಯ ವಾರದಲ್ಲಿ ಪಾರ್ವೋ, ಡಿಸ್ಟೆಂಪರ್ ರೋಗಗಳ ಲಸಿಕೆ ಆರಂಭವಾಗಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಅನಂತರ ವರ್ಷಕ್ಕೊಮ್ಮೆ ಪುನರಾವರ್ತಿಸಬೇಕು.

ಕೊನೆಯದಾಗಿ, ಮರಿಗಳು ಮೊಲೆ ಬಿಟ್ಟು ತಾಯಿಯ ಹಾಲು ಬತ್ತಿದ ಕೂಡಲೇ ಆ ತಾಯಿಯ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಆಗಲೇಬೇಕು. ಈ ಹೆಜ್ಜೆ ತಪ್ಪಿದರೆ ಹಿಂದಿನ ಎಲ್ಲ ಶ್ರಮವೂ ವ್ಯರ್ಥ. ಒಂದು ಪಂಚಾಯತಿಗೆ ಇದು ಭಾರವಾದರೆ ನೆರೆಹೊರೆಯ ಪಂಚಾಯತಿಗಳು ತಾಲ್ಲೂಕು ಪಂಚಾಯತಿಯ ಮೂಲಕ ಒಟ್ಟಾಗಿ ಬೇಡಿಕೆ ಸಲ್ಲಿಸಬಹುದು.

ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲ ಮಾಡುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 28ರಂದು, ವಿಶ್ವ ರೇಬೀಸ್ ದಿನದಂದು ಬಿಡುಗಡೆ ಮಾಡಿತು. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆಯಾದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಆ ಕಾರ್ಯದ ಆಧಾರ. ನಾಯಿ ಕಚ್ಚಿದ ಹಸು ಎಮ್ಮೆಗಳೂ ಈ ರೋಗದಿಂದ ಸಾಯುತ್ತವೆ ಎಂಬುದನ್ನು ಹೈನುಗಾರರು ಮರೆಯಬಾರದು. ದೆಹಲಿಯಲ್ಲಿ ಯೋಜನೆ ರೂಪುಗೊಳ್ಳಬಹುದು, ಬೆಂಗಳೂರಿನಿಂದ ಲಸಿಕೆ ಬರಬಹುದು. ಆದರೆ ಬಣವೆಯ ಬುಡದಲ್ಲಿ ಮರಿ ಹಾಕಿದ ನಾಯಿ ಯಾವುದು, ಅದಕ್ಕೆ ಅನ್ನವಿಕ್ಕುವವರು ಯಾರು, ಅದು ಯಾರ ಕೈಗೆ ಸಿಗುತ್ತದೆ ಎಂಬುದು ಗೊತ್ತಿರುವುದು ಆ ವಾರ್ಡಿನ ಸದಸ್ಯರಿಗೆ ಮಾತ್ರ.

ಈ ಚಳಿಗಾಲಕ್ಕೆ ಮುನ್ನ ನಿಮ್ಮ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯವನ್ನು ಸೇರಿಸಿ, ಪುಸ್ತಕ ತೆರೆದು, ಹೊಣೆಗಾರರನ್ನು ಗೊತ್ತುಪಡಿಸಬೇಕೆಂದು ವಿನಂತಿಸುತ್ತೇನೆ.